ಮೊಲೆಹಾಲಿನ ಕೂಸಿನ ಹೊಟ್ಟೆಯುಬ್ಬರ: ತಾಯಂದಿರಿಗೊಂದು ಪಾಠ

ನಮ್ಮ ಶಾಲೆಯಲ್ಲಿ ಓದಿ, ಈಗ ಮನೆವಾರ್ತೆಯನ್ನು ನಡೆಸುತ್ತಿರುವ ಪೂರ್ವ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಕೂಡಿದಾಗ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ವ್ಯಾಕರಣದ್ದಾಗಲಿ ಬೀಜಗಣಿತದ್ದಾಗಲಿ ಒಂದೂ ಇರುವುದಿಲ್ಲ. "ಮಿಸ್, ದೀಪ ಹಚ್ಚುವ ಹೊತ್ತಾಯಿತೆಂದರೆ ಕೂಸು ಕಾಲನ್ನು ಹೊಟ್ಟೆಗೆ ಮಡಿಚಿಕೊಂಡು ಅಳುವುದಕ್ಕೆ ತೊಡಗುತ್ತದೆ, ವಾಯುವೇ ಇರಬೇಕೆನ್ನುತ್ತಾರೆ, ಏನು ಮಾಡೋಣ?" ಎಂಬುದೇ ಎಳೆಯ ತಾಯಂದಿರಲ್ಲಿ ಹಲವರ ಪ್ರಶ್ನೆ. ನಾವು ವೈದ್ಯರಲ್ಲ. ಆದರೂ ಗೃಹವಿಜ್ಞಾನದ ತರಗತಿಯಲ್ಲಿ ಶಿಶುಪೋಷಣೆಯ ಪಾಠವನ್ನು ಹೇಳಿಕೊಟ್ಟವರಾದ ಕಾರಣ, ಅಂದು ಅರ್ಧಕ್ಕೆ ಬಿಟ್ಟ ಆ ಪಾಠವನ್ನು ಇಂದಿನ ವೈದ್ಯಶಾಸ್ತ್ರವು ತಿಳಿಸುವ ಸಂಗತಿಗಳೊಡನೆ ಇಲ್ಲಿ ಪೂರ್ತಿಗೊಳಿಸಲು ಯತ್ನಿಸಿದ್ದೇವೆ.

ಕಳೆದ ವರ್ಷ ಲಕ್ಷ್ಮೀಪುರದಲ್ಲಿಯೇ, ಶಾಲೆಗೆ ಬಹು ದೂರವಲ್ಲದ ಒಂದು ಹಳೆಯ ಹೆಂಚಿನ ಮನೆಗೆ ನಾವು ಕೂಸನ್ನು ನೋಡಲು ಹೋಗಿದ್ದೆವು. ತಾಯಿಯು ನಮ್ಮ ವಿದ್ಯಾರ್ಥಿನಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಆರು ವಾರ ತುಂಬಿತ್ತು. ನಾವು ಹೊಸಿಲು ದಾಟುವಾಗಲೇ ಅಳುವು ಕೇಳಿಸಿತು. ಒಳಗೆ ಅಜ್ಜಿಯವರು ಬಜೆಯನ್ನು ತೇಯುತ್ತಿದ್ದರು. ತಾಯಿಯ ತಾಯಿಯು ಹಿಂಗನ್ನು ಬಿಸಿನೀರಿನಲ್ಲಿ ಕದಡಿ ಇಟ್ಟುಕೊಂಡಿದ್ದರು. ಎದುರುಮನೆಯವರು ಗ್ರೈಪ್ ವಾಟರಿನ ಸೀಸೆಯನ್ನು ಹಿಡಿದು ಬಂದಿದ್ದರು. ಮೇಜಿನ ಮೇಲೆ ಇನ್ನೂ ಒಡೆಯದ ಒಂದು ಹಾಲುಪುಡಿಯ ಡಬ್ಬಿಯಿತ್ತು. ಇವೆಲ್ಲದರ ನಡುವೆ ಕುಳಿತಿದ್ದ ನಮ್ಮ ಹುಡುಗಿಯನ್ನು ಕಂಡು ನಮಗೆ ಕಸಿವಿಸಿಯಾಯಿತು. ಮುಖವು ಬಿಳಿಚಿಕೊಂಡಿತ್ತು, ಕಣ್ಣುಗಳು ಒಳಸೇರಿದ್ದವು. ವಿಚಾರಿಸಲಾಗಿ, ಮೂರು ವಾರದಿಂದ ಅವಳಿಗೆ ಅನ್ನ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ತುಸು ತುಪ್ಪ, ಇಷ್ಟೇ ಆಹಾರವೆಂದು ತಿಳಿಯಿತು. ಬೇಳೆಯು ವಾಯು, ಹುರುಳಿಕಾಯಿ ವಾಯು, ಆಲೂಗೆಡ್ಡೆ ವಾಯು, ಹಣ್ಣು ಶೀತ, ನೀರು ಹೆಚ್ಚಾದರೆ ಹೊಟ್ಟೆ ದಪ್ಪ. ಕೂಸು ಅತ್ತಷ್ಟೂ ಅವಳ ಎಲೆಯಿಂದ ಒಂದೊಂದು ಪದಾರ್ಥವು ಇಳಿಯುತ್ತ ಬಂದಿತ್ತು. ಅಷ್ಟಾದರೂ ಅಳು ನಿಲ್ಲದಿದ್ದುದರಿಂದ "ನಿನ್ನ ಹಾಲೇ ಕೂಸಿಗೆ ಒಗ್ಗುವುದಿಲ್ಲ ಕಣಮ್ಮ" ಎಂದು ಅಜ್ಜಿಯವರು ತೀರ್ಮಾನಿಸಿ, ಮರುದಿನದಿಂದ ಡಬ್ಬಿಯ ಹಾಲೆಂದು ಗೊತ್ತುಮಾಡಿದ್ದರು.

ಈ ಲೇಖನವನ್ನು ನಾವು ಬರೆಯುವುದಕ್ಕೆ ಆ ಡಬ್ಬಿಯೇ ಕಾರಣವು. ಅಜ್ಜಿಯವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಕೂಸಿನ ಸಂಕಟಕ್ಕೆ ಹೆಸರಿಡುವುದರಲ್ಲಿ ಮಾತ್ರ ಅವರು ತಪ್ಪಿದ್ದರು.

ಮೊದಲು ವಾಯುವೆಂಬುದೇನೆಂದು ನೋಡೋಣ. ಕೂಸಿನ ಹೊಟ್ಟೆಯಲ್ಲಿರುವ ಗಾಳಿಯು ಎರಡು ದಾರಿಯಿಂದ ಬಂದದ್ದು. ಹಾಲು ಕುಡಿಯುವಾಗಲೂ ಅಳುವಾಗಲೂ ನುಂಗಿದ ಗಾಳಿಯೊಂದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನಲ್ಲಿ ಜೀರ್ಣವಾಗದೆ ಉಳಿದ ಭಾಗವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುಳಿಯಿಸಿದಾಗ ಹುಟ್ಟುವ ಗಾಳಿಯಿನ್ನೊಂದು. ಎರಡೂ ಎಲ್ಲ ಕೂಸುಗಳಲ್ಲಿಯೂ ಸಹಜವಾಗಿ ಇರತಕ್ಕವು. ನಗುತ್ತ ಮಲಗಿರುವ ಕೂಸೂ ದಿನವೆಲ್ಲ ಗಾಳಿಯನ್ನು ಬಿಡುತ್ತದೆ. ಅಳುವ ಕೂಸಿನ ಹೊಟ್ಟೆಯು ತಮಟೆಯಂತೆ ಬಿಗಿದಿರುವುದನ್ನು ಕಂಡು ನಾವು ಗಾಳಿ ತುಂಬಿದೆಯೆಂದುಕೊಳ್ಳುತ್ತೇವೆ. ಆದರೆ ಗಟ್ಟಿಯಾಗಿ ಅಳುವಾಗ ಹೊಟ್ಟೆಯ ಸ್ನಾಯುಗಳು ಬಿಗಿಯುವುದು, ಕಾಲು ಮಡಿಚಿಕೊಳ್ಳುವುದು, ಮುಖ ಕೆಂಪಾಗುವುದು ಇವೆಲ್ಲವೂ ಅಳುವಿನ ಲಕ್ಷಣಗಳೇ ಹೊರತು ವಾಯುವಿಗೆ ಸಾಕ್ಷಿಯಲ್ಲ. ಅತ್ತಷ್ಟೂ ಕೂಸು ಗಾಳಿಯನ್ನು ನುಂಗುತ್ತದೆ. ನುಂಗಿದ ಗಾಳಿಯು ಒಂದೆರಡು ಗಂಟೆಯೊಳಗೆ ಸದ್ದಿನೊಡನೆ ಹೊರಬೀಳುತ್ತದೆ. ಆಗ ನಾವು "ನೋಡಿರಿ, ವಾಯುವೇ ಆಗಿತ್ತು" ಎನ್ನುತ್ತೇವೆ. ಅನೇಕ ವೇಳೆ ಗಾಳಿಯಿಂದ ಅಳುವು ಬಂದದ್ದಲ್ಲ, ಅಳುವಿನಿಂದ ಗಾಳಿಯು ಬಂದದ್ದು.

ಹಾಗಾದರೆ ಸಂಜೆಯ ಈ ಅಳುವೇಕೆ? ಇದರ ಮೂಲವನ್ನು ಶಾಸ್ತ್ರಜ್ಞರು ಇನ್ನೂ ಒಂದೇ ಮಾತಿನಲ್ಲಿ ನಿರ್ಣಯಿಸಿಲ್ಲ. ಎಳೆಯ ಕರುಳು, ಎಳೆಯ ನರಮಂಡಲ, ಹಗಲೆಲ್ಲ ಕಂಡು ಕೇಳಿದ್ದರ ದಣಿವು, ಕರುಳಿನ ಸೂಕ್ಷ್ಮಜೀವಿಗಳು ಇನ್ನೂ ನೆಲೆಗೊಳ್ಳದಿರುವುದು, ಇವೆಲ್ಲವೂ ಕೂಡಿರಬಹುದು. ಆದರೆ ಅದರ ನಡೆಯು ಚೆನ್ನಾಗಿ ತಿಳಿದಿದೆ. ಹುಟ್ಟಿದ ಎರಡನೆಯ ವಾರದ ಸುಮಾರಿಗೆ ತೊಡಗಿ, ಆರನೆಯ ವಾರದ ಹೊತ್ತಿಗೆ ಏರಿ, ಮೂರು ನಾಲ್ಕು ತಿಂಗಳು ತುಂಬುವುದರೊಳಗೆ ತಾನಾಗಿ ಇಳಿದುಹೋಗುತ್ತದೆ. ಅಮೆರಿಕದ ಮಕ್ಕಳ ವೈದ್ಯರಾದ ಮಾರಿಸ್ ವೆಸೆಲ್ ಎಂಬವರು ೧೯೫೪ರಲ್ಲಿ ಇದಕ್ಕೊಂದು ಅಳತೆಯನ್ನು ಕೊಟ್ಟರು: ಆರೋಗ್ಯವಾಗಿರುವ ಕೂಸು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚಾಗಿ, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚಾಗಿ, ಮೂರು ವಾರಕ್ಕಿಂತ ಹೆಚ್ಚು ಕಾಲ ಅತ್ತರೆ ಅದು 'ಕೋಲಿಕ್' ಎಂಬ ಹೊಟ್ಟೆನುಲಿತವು. ಸುಮಾರು ಐದು ಕೂಸುಗಳಲ್ಲಿ ಒಂದು ಹೀಗೆ ಅಳುತ್ತದೆ. ಮೊಲೆಹಾಲು ಕುಡಿಯುವ ಕೂಸೂ ಡಬ್ಬಿಯ ಹಾಲು ಕುಡಿಯುವ ಕೂಸೂ ಹೀಗೆ ಅಳುತ್ತವೆಂಬುದನ್ನು ತಾಯಂದಿರು ಮುಖ್ಯವಾಗಿ ನೆನಪಿಡತಕ್ಕದ್ದು. ಹಾಲನ್ನು ಬದಲಿಸಿದ ಮಾತ್ರಕ್ಕೆ ಅಳುವು ಮನೆ ಬಿಟ್ಟು ಹೋಗುವುದಿಲ್ಲ.

ಇಲ್ಲಿಯೇ ಮಲದ ಮಾತನ್ನೂ ಹೇಳಿಬಿಡುವುದು ಲೇಸು. ನಾಚಿಕೊಂಡರೆ ಶಿಶುಪಾಲನೆಯು ಸಾಗದು. ಮೊಲೆಹಾಲಿನ ಕೂಸು ಮೊದಲ ವಾರಗಳಲ್ಲಿ ದಿನಕ್ಕೆ ಅನೇಕ ಸಲ ಹಳದಿಯಾಗಿ ನೀರುನೀರಾಗಿ ಹೋಗಬಹುದು, ಅದು ಭೇದಿಯಲ್ಲ. ಆರು ವಾರದ ಮೇಲೆ ಕೆಲವು ಕೂಸುಗಳು ನಾಲ್ಕೈದು ದಿನಕ್ಕೊಮ್ಮೆ ಹೋಗಬಹುದು. ಹೋದದ್ದು ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಇನ್ನು ಕೆಲವು ಕೂಸುಗಳು ಹತ್ತು ಹದಿನೈದು ನಿಮಿಷ ತಿಣುಕಿ, ಕೆಂಪಾಗಿ, ಕಿರಿಚಿ, ಕಡೆಗೆ ಮೆತ್ತನೆಯ ಮಲವನ್ನೇ ಬಿಡುತ್ತವೆ. ಹೊಟ್ಟೆಯಿಂದ ನೂಕುವುದನ್ನೂ ಗುದವನ್ನು ಸಡಿಲಿಸುವುದನ್ನೂ ಒಟ್ಟಿಗೆ ಮಾಡಲು ಅವು ಇನ್ನೂ ಕಲಿತಿರುವುದಿಲ್ಲ. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಇಡುವುದು, ಸೋಪಿನ ಚೂರನ್ನು ಇಡುವುದು ನಮ್ಮ ಕಡೆಯ ಹಳೆಯ ರೂಢಿ. ಇದನ್ನು ಬಿಡತಕ್ಕದ್ದು. ನವುರಾದ ಜಾಗಕ್ಕೆ ಗಾಯವಾಗುತ್ತದೆ. ಕೂಸೂ ತಾನಾಗಿ ಕಲಿಯುವುದಿಲ್ಲ.

ಈಗ ತಾಯಿಯ ಎಲೆಯ ವಿಷಯಕ್ಕೆ ಬರೋಣ. ತಾಯಿಯು ಹುರುಳಿಕಾಯಿ ತಿಂದರೆ ಅವಳ ಕರುಳಿನಲ್ಲಿ ಗಾಳಿಯು ಹುಟ್ಟುವುದು ನಿಜ. ಆ ಗಾಳಿಯು ಅವಳ ಕರುಳನ್ನು ಬಿಟ್ಟು ಎದೆಗೆ ಹೋಗುವ ದಾರಿಯಿಲ್ಲ. ಹಾಲು ತಯಾರಾಗುವುದು ರಕ್ತದಿಂದ. ಗಾಳಿಯನ್ನು ಹುಟ್ಟಿಸುವ ನಾರು ಮೊದಲಾದುವು ಜೀರ್ಣವಾಗದೆ ಕರುಳಿನಲ್ಲಿಯೇ ಉಳಿಯುವ ಪದಾರ್ಥಗಳು, ಅವು ರಕ್ತವನ್ನು ಸೇರುವುದೇ ಇಲ್ಲ. ಆದಕಾರಣ ಬೇಳೆಯನ್ನೂ ಕಾಯಿಪಲ್ಯವನ್ನೂ ಬಾಣಂತಿಗೆ ತಪ್ಪಿಸುವುದರಿಂದ ಕೂಸಿನ ವಾಯುವು ಕಡಮೆಯಾಗುವುದಿಲ್ಲ. ತಾಯಿಯ ಬಲವು ಕಡಮೆಯಾಗುವುದು ಮಾತ್ರ ಖಂಡಿತ. ಮೊದಲ ಆರು ತಿಂಗಳು ಹಾಲೂಡಿಸುವವಳಿಗೆ ದಿನಕ್ಕೆ ಸುಮಾರು ೬೦೦ ಕಿಲೋ ಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರವು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಗೊತ್ತುಮಾಡಿದೆ. ಎಂದರೆ ದಿನದ ಊಟಗಳ ಮೇಲೆ ಇನ್ನೊಂದು ಸಣ್ಣ ಊಟವೇ ಬೇಕು. ಹುಳಿಯೂ ಸೊಪ್ಪೂ ಮೊಸರೂ ಹಣ್ಣೂ ಅವಳ ಹಕ್ಕು. ಮೊಟ್ಟೆ ಮೀನು ತಿನ್ನುವ ಮನೆಗಳಲ್ಲಿ ಅವೂ ಸರಿಯೇ. ಬಾಯಾರಿದಾಗಲೆಲ್ಲ ನೀರನ್ನು ಕುಡಿಯಬೇಕು. ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿಯಷ್ಟು ಕ್ರೂರವಾದದ್ದು ಮತ್ತೊಂದಿಲ್ಲವೆಂದು ನಮಗೆ ತೋರುತ್ತದೆ.

ಈ ನಿಯಮಕ್ಕೆ ಎರಡು ಅಪವಾದಗಳುಂಟು. ಕಾಫಿಯಲ್ಲಿರುವ ಕೆಫೀನು ಸ್ವಲ್ಪ ಪ್ರಮಾಣದಲ್ಲಿ ಹಾಲಿಗೆ ಇಳಿಯುತ್ತದೆ, ಎಳೆಗೂಸಿನ ದೇಹವು ಅದನ್ನು ಬಹಳ ನಿಧಾನವಾಗಿ ಹೊರಹಾಕುತ್ತದೆ. ಆದ್ದರಿಂದ ಮೈಸೂರಿನವರಿಗೆ ಕಷ್ಟವಾದರೂ ಹೇಳಲೇಬೇಕು, ದಿನಕ್ಕೆ ಎರಡು ಲೋಟ ಸಾಕು. ಎರಡನೆಯದು, ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನಿನ ಅತಿಸಣ್ಣ ಅಂಶವು ಮೊಲೆಹಾಲಿಗೆ ಬರುತ್ತದೆ. ಎಲ್ಲೋ ಕೆಲವು ಕೂಸುಗಳಿಗೆ ಅದು ಒಗ್ಗುವುದಿಲ್ಲ. ಅಂಥ ಕೂಸಿನಲ್ಲಿ ಬರಿಯ ಅಳುವಲ್ಲದೆ ಮಲದಲ್ಲಿ ರಕ್ತದ ಗೆರೆ, ಲೋಳೆ, ಮೈಮೇಲೆ ಇಸುಬಿನಂತಹ ಗಂದೆ, ಪದೇ ಪದೇ ವಾಂತಿ ಮುಂತಾದುವು ಕಾಣುತ್ತವೆ. ಆಗ ವೈದ್ಯರ ಸಲಹೆಯಂತೆ ತಾಯಿಯು ಎರಡರಿಂದ ನಾಲ್ಕು ವಾರ ಹಾಲು ಮೊಸರುಗಳನ್ನು ಬಿಟ್ಟು ನೋಡುವುದುಂಟು. ಗುಣ ಕಾಣದಿದ್ದರೆ ಮತ್ತೆ ತಿನ್ನತೊಡಗಬೇಕು. ಅಲ್ಲಿಯೂ ಕೂಸಿಗೆ ಮೊಲೆಯನ್ನು ಬಿಡಿಸುವುದಿಲ್ಲವೆಂಬುದನ್ನು ಗಮನಿಸಿರಿ.

ಡಬ್ಬಿಯ ಹಾಲಿನ ಬಗ್ಗೆ ಮೈಸೂರಿನವರಾದ ನಾವು ಎರಡು ಮಾತು ಹೇಳಬಹುದು. ೧೯೫೦ರಲ್ಲಿ ನಮ್ಮೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿಯೇ (ಜನರು ಸಿ.ಎಫ್.ಟಿ.ಆರ್.ಐ. ಎಂದು ಕರೆಯುವುದು ಇದನ್ನೇ) ಎಮ್ಮೆಯ ಹಾಲಿನಿಂದ ಶಿಶುಗಳ ಆಹಾರವನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದರು, ಆ ವಿಧಾನದಿಂದ ಅಮುಲ್ ಸಂಸ್ಥೆಯವರು ಪುಡಿಯನ್ನು ಮಾಡಿ ದೇಶಕ್ಕೆಲ್ಲ ಹಂಚಿದರು. ಎಮ್ಮೆಯ ಹಾಲು ಕೊಬ್ಬು ಹೆಚ್ಚಿ, ಕೂಸಿನ ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯತಕ್ಕದ್ದು. ಅದನ್ನು ಮೆತ್ತಗೆ ಒಡೆಯುವಂತೆ ಮಾಡುವುದೇ ಅಲ್ಲಿನ ವಿಜ್ಞಾನಿಗಳ ಕೆಲಸವಾಗಿತ್ತು. ತಾಯಿಯಿಲ್ಲದ ಕೂಸಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಅಷ್ಟು ಪಂಡಿತರು ಅಷ್ಟು ವರ್ಷ ಶ್ರಮಿಸಿದ್ದು ಮೊಲೆಹಾಲಿನ ಹದಕ್ಕೆ ಹತ್ತಿರ ಬರುವುದಕ್ಕೆ. ಆ ಹದವೇ ಮನೆಯಲ್ಲಿರುವಾಗ ಹೊಟ್ಟೆಯ ನೆಪದಿಂದ ಅದನ್ನು ತೊರೆದು ಡಬ್ಬಿಯನ್ನು ಒಡೆಯುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ. ಡಬ್ಬಿಯ ಹಾಲನ್ನೂ ಹಾಲಿನ ಬಾಟಲಿಯನ್ನೂ ಜಾಹಿರಾತು ಮಾಡುವುದನ್ನೇ ನಮ್ಮ ದೇಶದ ೧೯೯೨ರ ಕಾಯಿದೆಯು ನಿಷೇಧಿಸಿದೆ.

ಇಷ್ಟು ಹೇಳಿದ ಮೇಲೆ, ಕೂಸಿಗೆ ಸುಖವಾಗುವಂತೆ ಮಾಡಬಹುದಾದದ್ದೇನು ಎಂಬ ಪ್ರಶ್ನೆಯು ಉಳಿಯಿತು. ಹಾಲೂಡಿಸುವ ಕ್ರಮದಿಂದಲೇ ತೊಡಗಬೇಕು. ಹೆಚ್ಚಿನ ತಪ್ಪುಗಳು ಅಲ್ಲಿಯೇ ಇರುತ್ತವೆ. ಕೂಸು ತೊಟ್ಟಿನ ತುದಿಯನ್ನು ಮಾತ್ರ ಚೀಪಿದರೆ ಗಾಳಿಯು ಒಳಸೇರುತ್ತದೆ, ತಾಯಿಗೂ ನೋವಾಗುತ್ತದೆ. ಕೂಸಿನ ಹೊಟ್ಟೆಯು ತಾಯಿಯ ಹೊಟ್ಟೆಗೆ ತಾಗುವಂತೆ, ಕಿವಿ ಹೆಗಲು ಸೊಂಟ ಒಂದೇ ಗೆರೆಯಲ್ಲಿರುವಂತೆ ಹಿಡಿದು, ಅದು ಬಾಯನ್ನು ಅಗಲವಾಗಿ ತೆರೆದಾಗ ಎದೆಯ ಹತ್ತಿರಕ್ಕೆ ತರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗವು, ಕೆಳಗಿನದು ಹೆಚ್ಚಾಗಿ, ಬಾಯೊಳಗೆ ಹೋಗಬೇಕು. ಗದ್ದವು ಎದೆಗೆ ತಾಗಿರಬೇಕು. ಕೆಳದುಟಿಯು ಹೊರಕ್ಕೆ ಮಡಿಚಿರಬೇಕು. 'ಚಪ್ ಚಪ್' ಎಂಬ ಸದ್ದು ಕೇಳಿಸಿದರೆ ಗಾಳಿ ಹೋಗುತ್ತಿದೆಯೆಂದು ತಿಳಿದು, ಕಿರುಬೆರಳನ್ನು ಬಾಯಿಯ ಕೊನೆಯಲ್ಲಿಟ್ಟು ಬಿಡಿಸಿ ಮತ್ತೆ ಹಿಡಿಸಬೇಕು.

ಗಡಿಯಾರವನ್ನು ನೋಡಿ ಹತ್ತು ನಿಮಿಷ ಈ ಕಡೆ ಹತ್ತು ನಿಮಿಷ ಆ ಕಡೆ ಎಂದು ಊಡಿಸುವುದು ಇನ್ನೊಂದು ತಪ್ಪು. ಊಡಲು ತೊಡಗಿದಾಗ ಬರುವ ಹಾಲು ತೆಳುವು. ಎದೆಯು ಬರಿದಾಗುತ್ತ ಹೋದಂತೆ ಕೊಬ್ಬು ಹೆಚ್ಚಿದ ಹಾಲು ಬರುತ್ತದೆ. ಹಾಲು ಬಹಳವಾಗಿರುವ ತಾಯಿಯು ನಡುವೆ ಬಿಡಿಸಿ ಪಕ್ಕವನ್ನು ಬದಲಿಸಿದರೆ ಕೂಸಿನ ಹೊಟ್ಟೆಯು ತೆಳುಹಾಲಿನಿಂದಲೇ ತುಂಬುತ್ತದೆ. ಕೊಬ್ಬಿನ ತಡೆಯಿಲ್ಲದ ಆ ಹಾಲು ಬೇಗಬೇಗನೆ ಕರುಳನ್ನು ದಾಟಿ, ಜೀರ್ಣವಾಗದ ಸಕ್ಕರೆಯು ಹುಳಿತು, ನೊರೆನೊರೆಯಾದ ಹಸುರು ಮಲವೂ ನಿಜವಾದ ಹೊಟ್ಟೆಯುಬ್ಬರವೂ ಉಂಟಾಗುತ್ತವೆ. ಇದಕ್ಕೆ ಔಷಧವು ಬೇಡ. ಒಂದು ಪಕ್ಕವನ್ನು ಕೂಸು ತಾನಾಗಿ ಬಿಡುವ ತನಕ ಊಡಿಸಿ, ಬೇಕೆಂದರೆ ಮಾತ್ರ ಇನ್ನೊಂದಕ್ಕೆ ಹಾಕಬೇಕು. ಹಾಲು ಚಿಮ್ಮಿ ಬಂದು ಕೂಸು ಕೆಮ್ಮುತ್ತಿದ್ದರೆ, ತಾಯಿಯು ದಿಂಬಿಗೆ ಒರಗಿ ಹಿಂದಕ್ಕೆ ಬಾಗಿ ಕೂಸನ್ನು ಎದೆಯ ಮೇಲೆ ಮಲಗಿಸಿಕೊಂಡರೆ ಹರಿವು ನಿಧಾನವಾಗುತ್ತದೆ. ಕೂಸು ಗಟ್ಟಿಯಾಗಿ ಅಳುವ ತನಕ ಕಾಯದೆ, ಬಾಯಿ ಚಪ್ಪರಿಸಿ ಕೈಯನ್ನು ಚೀಪುವಾಗಲೇ ಎತ್ತಿಕೊಂಡರೆ ನುಂಗುವ ಗಾಳಿಯೂ ಕಡಮೆ.

ಊಡಿದ ಮೇಲೆ ತೇಗಿಸುವ ಪದ್ಧತಿಯು ಎಲ್ಲರಿಗೂ ತಿಳಿದದ್ದೇ. ಹೆಗಲಿಗೆ ಹಾಕಿಕೊಂಡು, ಅಥವಾ ತೊಡೆಯ ಮೇಲೆ ಕೂರಿಸಿ ಗದ್ದವನ್ನು ಅಂಗೈಯಲ್ಲಿ ಆತು, ಬೆನ್ನನ್ನು ಮೆಲ್ಲಗೆ ಸವರಬೇಕು. ಕೆಲವು ನಿಮಿಷಗಳಲ್ಲಿ ತೇಗು ಬಾರದಿದ್ದರೆ ಬಿಟ್ಟುಬಿಡಿರಿ. ಚಂಡೀಗಢದಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ತೇಗಿಸಿದ ಕೂಸುಗಳು ತೇಗಿಸದವುಗಳಿಗಿಂತ ಕಡಮೆ ಅಳಲಿಲ್ಲವೆಂದೂ, ಹಾಲನ್ನು ಕಕ್ಕುವುದು ಮಾತ್ರ ಹೆಚ್ಚಾಯಿತೆಂದೂ ಕಂಡುಬಂದಿತು. ನಡುರಾತ್ರಿಯಲ್ಲಿ ನಿದ್ದೆಹೋದ ಕೂಸನ್ನು ಎಬ್ಬಿಸಿ ಬೆನ್ನು ತಟ್ಟುತ್ತ ಅರ್ಧ ಗಂಟೆ ಕೂರುವ ತಾಯಂದಿರಿಗೆ ಈ ಸುದ್ದಿಯು ಸಮಾಧಾನವನ್ನು ತಂದೀತು.

ಅಳುವಿನ ಹೊತ್ತಿನಲ್ಲಿ ಕೈಯೇ ಮೊದಲ ಔಷಧವು. ಮುಂಗೈಯ ಮೇಲೆ ಕೂಸನ್ನು ಬೋರಲಾಗಿ ಮಲಗಿಸಿಕೊಂಡು, ತಲೆಯು ಮೊಣಕೈಯ ಕಡೆಗೂ ಹೊಟ್ಟೆಯು ನಮ್ಮ ಅಂಗೈಯ ಮೇಲೂ ಇರುವಂತೆ ಹಿಡಿದು ಮೆಲ್ಲಗೆ ನಡೆದಾಡುವುದು ಅನೇಕ ಕೂಸುಗಳಿಗೆ ಹಿತವಾಗುತ್ತದೆ. ಅಂಗಾತ ಮಲಗಿಸಿ ಎರಡು ಕಾಲುಗಳನ್ನೂ ಸೈಕಲ್ ತುಳಿಯುವಂತೆ ಒಂದಾದ ಮೇಲೊಂದು ಮಡಿಚಿ ಬಿಡಿಸಬಹುದು. ಊಡಿ ಅರ್ಧ ಗಂಟೆ ಕಳೆದ ಮೇಲೆ, ಬೆಚ್ಚಗಿನ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ಕಡೆಗೆ ನೀವಬಹುದು; ದೊಡ್ಡ ಕರುಳಿನ ದಾರಿಯೂ ಅದೇ. ಮೈಗೆ ಎಣ್ಣೆ ಹಚ್ಚಿ, ಚಾಚಿದ ಕಾಲುಗಳ ಮೇಲೆ ಮಲಗಿಸಿ ಬಿಸಿನೀರು ಹಾಕುವ ನಮ್ಮ ಅಜ್ಜಿಯರ ಪದ್ಧತಿಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಸಂಜೆಯ ಅಳುವಿಗೆ ಮುಂಚೆ ಈ ಸ್ನಾನವನ್ನು ಮಾಡಿಸಿದರೆ ಕೂಸು ಎಷ್ಟೋ ಹಗುರಾಗುತ್ತದೆ. ಆದರೆ ಮೂಗಿಗೂ ಕಿವಿಗೂ ಎಣ್ಣೆಯನ್ನು ಬಿಡಬಾರದು, ಮೂಗನ್ನು ಊದಬಾರದು, ಸಾಂಬ್ರಾಣಿಯ ಹೊಗೆಯನ್ನು ಹತ್ತಿರ ತರಬಾರದು.

ಎತ್ತಿಕೊಂಡರೆ ಕೂಸು ಕೆಡುತ್ತದೆ, ಕೈಗೆ ಹತ್ತುತ್ತದೆ ಎಂಬ ಮಾತು ಹುಸಿ. ೧೯೮೬ರಲ್ಲಿ ಕೆನಡಾ ದೇಶದ ವೈದ್ಯರು ಕೆಲವು ತಾಯಂದಿರಿಗೆ, ಕೂಸು ಅಳದಿರುವಾಗಲೂ ದಿನದಲ್ಲಿ ಹೆಚ್ಚು ಹೊತ್ತು ಎತ್ತಿಕೊಂಡಿರಲು ಹೇಳಿದರು. ಆ ಕೂಸುಗಳು ಆರನೆಯ ವಾರದಲ್ಲಿ ಇತರ ಕೂಸುಗಳಿಗಿಂತ ನೂರಕ್ಕೆ ೪೩ರಷ್ಟು ಕಡಮೆ ಅತ್ತವು. ಮಡಿಲಿನಲ್ಲಿಯೂ ಕಂಕುಳಿನಲ್ಲಿಯೂ ಕೂಸನ್ನು ಬೆಳೆಸಿದ ನಮ್ಮ ನಾಡಿಗೆ ಇದೇನೂ ಹೊಸ ಪಾಠವಲ್ಲ. ಮಂದ ಬೆಳಕು, ಸದ್ದಿಲ್ಲದ ಕೋಣೆ, ಒಂದೇ ಸಮನಾದ ಜೋಗುಳ ಇವೂ ಸಹಾಯಕವೇ. ನೋಡಲು ಬಂದ ಹತ್ತು ಮಂದಿ ಕೈಯಿಂದ ಕೈಗೆ ದಾಟಿಸಿದ ದಿನ ಅಳುವು ಹೆಚ್ಚುವುದನ್ನು ನೀವೂ ಕಂಡಿರಬಹುದು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ ಮಲಗಿಸಬೇಕು; ಬೋರಲು ಮಲಗಿಸಿ ಬಿಟ್ಟು ಹೋಗಬಾರದು.

ಔಷಧಗಳ ವಿಷಯದಲ್ಲಿ ನಾವು ಕೊಂಚ ಕಠಿನರು. ಗ್ರೈಪ್ ವಾಟರನ್ನು ನಾಟಿಂಗ್ಯಾಮಿನ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿಯು ೧೮೫೧ರಲ್ಲಿ ತಯಾರಿಸಿದನು. ಇಂಗ್ಲೆಂಡಿನ ಜೌಗುಪ್ರದೇಶದ ಜ್ವರಕ್ಕೆ ಕೊಡುತ್ತಿದ್ದ ಮದ್ದೇ ಅದಕ್ಕೆ ಮೂಲವು. ಸಬ್ಬಸಿಗೆಯ ಎಣ್ಣೆ, ಅಡಿಗೆ ಸೋಡಾ, ಸಕ್ಕರೆ, ನೀರು ಇವುಗಳೊಡನೆ ಮದ್ಯಸಾರವೂ ಅದರಲ್ಲಿತ್ತು. ಹಿಂದಿನ ಕೂಸುಗಳು ಅದನ್ನು ಕುಡಿದು ಬೇಗ ಸುಮ್ಮನಾಗುತ್ತಿದ್ದುದರ ಗುಟ್ಟು ಯಾವುದರಲ್ಲಿತ್ತೆಂಬುದನ್ನು ವಾಚಕಿಯರೇ ಊಹಿಸಬಹುದು. ಈಗ ನಮ್ಮಲ್ಲಿ ಮಾರುವುದರಲ್ಲಿ ಮದ್ಯಸಾರವಿಲ್ಲ. ಉಳಿದದ್ದರಿಂದ ಅಳುವು ಕಡಮೆಯಾಗುವುದೆಂಬುದಕ್ಕೆ ಆಧಾರವೂ ಇಲ್ಲ; ಸಿಹಿನೀರು ತುಂಬಿದ ಹೊಟ್ಟೆಯಲ್ಲಿ ಹಾಲಿಗೆ ಅಷ್ಟು ಜಾಗವು ತಪ್ಪುತ್ತದೆ. ಆರು ತಿಂಗಳ ತನಕ ಮೊಲೆಹಾಲಲ್ಲದೆ ನೀರನ್ನೂ ಕೊಡಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಾಗ ಓಮದ ನೀರಿಗೂ ಜೇನಿಗೂ ಅಲ್ಲಿ ಸ್ಥಳವಿಲ್ಲ. ಜೇನನ್ನು ಒಂದು ವರ್ಷ ತುಂಬುವ ತನಕ ಮುಟ್ಟಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವು ಎಳೆಗರುಳಿನಲ್ಲಿ ಬೆಳೆದು ಪ್ರಾಣಾಪಾಯಕರವಾದ ನಿಶ್ಶಕ್ತಿಯನ್ನು ಉಂಟುಮಾಡಬಲ್ಲುದು.

ಔಷಧಾಲಯದಲ್ಲಿ ಸಿಗುವ ಸಿಮೆಥಿಕೋನ್ ಎಂಬ ಹನಿಮದ್ದಿನಿಂದ ಕೇಡಿಲ್ಲ. ಆದರೆ ಪರೀಕ್ಷೆಗಳಲ್ಲಿ ಅದು ಬರಿಯ ಹುಸಿಮದ್ದಿಗಿಂತ ಮೇಲಾಗಿ ಕಾಣಲಿಲ್ಲ. ಡೈಸೈಕ್ಲೋಮಿನ್ ಎಂಬುದು ಹಾಗಲ್ಲ. ಅದರಿಂದ ಎಳೆಗೂಸುಗಳಿಗೆ ಉಸಿರು ಕಟ್ಟಿದ್ದುಂಟು. ಆರು ತಿಂಗಳೊಳಗಿನ ಕೂಸಿಗೆ ಅದನ್ನು ಕೊಡಲೇಬಾರದು. ಹೊಟ್ಟೆನೋವಿನ ಹನಿಯೆಂದು ಅಂಗಡಿಯವನು ಕೊಟ್ಟದ್ದನ್ನು ತರುವ ಮುನ್ನ ಸೀಸೆಯ ಮೇಲೆ ಈ ಹೆಸರಿದೆಯೇ ಎಂದು ಓದಿ ನೋಡಿರಿ. ಓದು ಕಲಿಸಿದ್ದು ಇಂಥದಕ್ಕೂ ಬರಬೇಕು. ಲ್ಯಾಕ್ಟೋಬ್ಯಾಸಿಲಸ್ ರೂಟರೈ ಎಂಬ ಸೂಕ್ಷ್ಮಜೀವಿಯ ಹನಿಗಳು ಮೊಲೆಹಾಲಿನ ಕೂಸುಗಳ ಅಳುವನ್ನು ಸ್ವಲ್ಪಮಟ್ಟಿಗೆ ಕಡಮೆಮಾಡಿದುದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಅದೂ ವೈದ್ಯರ ಅಪ್ಪಣೆಯಿಂದಲೇ ಆಗತಕ್ಕದ್ದು.

ಗ್ರಂಥಿಗೆ ಅಂಗಡಿಯಿಂದ ತಂದ ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿಗಳನ್ನು ಸಾಣೆಕಲ್ಲಿನ ಮೇಲೆ ಒಂದೊಂದು ಸುತ್ತು ತೇಯ್ದು ನೆಕ್ಕಿಸುವುದು ಮೈಸೂರಿನ ಮನೆಮನೆಯ ವಾಡಿಕೆ. ಕಲ್ಲು, ಕೈ, ನೀರು ಇವುಗಳ ಕೊಳೆಯು ಕೂಸಿನ ಹೊಟ್ಟೆಯನ್ನು ಸೇರುವ ಭಯವೊಂದು. ಬಜೆಯಲ್ಲಿರುವ ಆಸರೋನ್ ಎಂಬ ಪದಾರ್ಥವು ಇಲಿಗಳಲ್ಲಿ ಗಂತಿಗಳನ್ನು ಎಬ್ಬಿಸಿದ್ದರಿಂದ ಅಮೆರಿಕದವರು ೧೯೬೮ರಲ್ಲಿ ಬಜೆಯನ್ನು ಆಹಾರದಲ್ಲಿ ಸೇರಿಸದಂತೆ ನಿಷೇಧಿಸಿದರೆಂಬುದು ಇನ್ನೊಂದು. ಹಿರಿಯರ ಮನಸ್ಸಿಗೆ ನೋವಾಗದಂತೆ ಬಜೆಯ ತುಂಡನ್ನು ಬಾಯಿಂದ ದೂರವಿಟ್ಟರೆ ಸಾಕು. ಹೊಕ್ಕುಳು ಒಣಗಿದ ಮೇಲೆ ಹಿಂಗಿನ ನೀರನ್ನು ಹೊಟ್ಟೆಯ ಮೇಲೆ ಸವರುವುದಕ್ಕೆ ನಮ್ಮ ಅಡ್ಡಿಯಿಲ್ಲ. ಸವರುವ ಬೆಚ್ಚನೆಯ ಕೈಯಿಂದಲೇ ಅರ್ಧ ಗುಣವು. ಕರ್ಪೂರವನ್ನು ಮಾತ್ರ ಎಣ್ಣೆಯಲ್ಲಿಯೂ ಸೇರಿಸಬಾರದು; ಅದರಿಂದ ಸೆಳೆತವು ಬರುವುದುಂಟು. ಅಳುವ ಕೂಸಿನ ಹೊಟ್ಟೆಗೆ ಬರೆ ಹಾಕುವ ಪದ್ಧತಿಯು ಎಲ್ಲಿಯಾದರೂ ಉಳಿದಿದ್ದರೆ ಅದು ಚಿಕಿತ್ಸೆಯಲ್ಲ, ಹಿಂಸೆ.

ಕಾಯದೆ ವೈದ್ಯರಲ್ಲಿಗೆ ಓಡಬೇಕಾದ ಸಮಯಗಳೂ ಉಂಟು. ಹಸುರು ಬಣ್ಣದ ವಾಂತಿ; ಮಲದಲ್ಲಿ ರಕ್ತ; ಅಳುವು ನಿಂತ ಮೇಲೆಯೂ ಇಳಿಯದೆ ಬಿಗಿದಿರುವ ಹೊಟ್ಟೆ; ಮೂರು ತಿಂಗಳೊಳಗಿನ ಕೂಸಿಗೆ ೧೦೦.೪ ಡಿಗ್ರಿ ಅಥವಾ ಮೇಲಿನ ಜ್ವರ, ಹಾಲನ್ನು ಒಲ್ಲೆನೆನ್ನುವುದು, ಜೋಲುಬೀಳುವುದು, ಮೂತ್ರವು ಕಡಮೆಯಾಗುವುದು, ತೊಡೆಸಂದಿನಲ್ಲಿ ಗಟ್ಟಿಯಾದ ಊತ. ಬಿಟ್ಟು ಬಿಟ್ಟು ಕಿರಿಚಿ, ನಡುವೆ ಬಿಳಿಚಿಕೊಂಡು ಸುಸ್ತಾಗುವ ಕೂಸಿನಲ್ಲಿ ಕರುಳು ಕರುಳಿನೊಳಗೆ ಸೇರಿಕೊಂಡಿರಬಹುದು; ಅಲ್ಲಿ ಗಂಟೆಗಳೂ ಬೆಲೆಯುಳ್ಳವು. ಎಂದಿನ ಅಳುವಿನಂತಿಲ್ಲವೆಂದು ತಾಯಿಯ ಮನಸ್ಸಿಗೆ ತೋರಿದರೆ ಅದೂ ಸಾಕಾದ ಕಾರಣವೇ.

ಇವಾವುವೂ ಇಲ್ಲದಿದ್ದರೆ ನೋಡಬೇಕಾದದ್ದು ತಕ್ಕಡಿಯನ್ನು. ಮೊದಲ ಮೂರು ತಿಂಗಳಲ್ಲಿ ಕೂಸು ದಿನಕ್ಕೆ ೨೫ರಿಂದ ೩೦ ಗ್ರಾಮಿನ ಸುಮಾರಿಗೆ ತೂಗುತ್ತ, ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆಮಾಡುತ್ತಿದ್ದರೆ ಅದರ ಹೊಟ್ಟೆಗೆ ತಾಯಿಯ ಹಾಲು ಒಗ್ಗಿದೆಯೆಂದೇ ಅರ್ಥ. ಎಷ್ಟು ಗಟ್ಟಿಯಾಗಿ ಅತ್ತರೂ ಸರಿಯೆ. ತೂಕವನ್ನು ಬರೆದಿಡುವ ಅಭ್ಯಾಸದಲ್ಲಿ ನಮ್ಮೂರಿಗೆ ಒಂದು ಹೆಗ್ಗಳಿಕೆಯುಂಟು. ೧೯೦೬ರಲ್ಲಿ ತೆರೆದ ಇಲ್ಲಿನ ಮಿಷನ್ ಆಸ್ಪತ್ರೆಯಲ್ಲಿ, ಎಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ೧೯೩೪ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ತಪ್ಪದೆ ಪುಸ್ತಕದಲ್ಲಿ ಬರೆದಿಟ್ಟರು. ಅರುವತ್ತು ವರ್ಷಗಳ ತರುವಾಯ ವೈದ್ಯರು ಆ ಪುಸ್ತಕಗಳನ್ನು ತೆರೆದು, ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿದ್ದವರಲ್ಲಿ ೫೧೭ ಮಂದಿಯನ್ನು ಮೈಸೂರಿನಲ್ಲಿಯೇ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಮೆಯಿದ್ದವರಲ್ಲಿ ಹೃದಯರೋಗವು ಹೆಚ್ಚೆಂದು ೧೯೯೬ರಲ್ಲಿ ಲೋಕಕ್ಕೆ ತಿಳಿಸಿದರು. ಯಾರೋ ಒಬ್ಬ ದಾದಿಯು ಬರೆದಿಟ್ಟ ಒಂದು ಅಂಕಿಯು ಅಷ್ಟು ದೂರ ನಡೆಯಬಲ್ಲುದು. ನಿಮ್ಮ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ ಕೂಸಿನ ತೂಕವನ್ನು ಗುರುತಿಸುವ ಪುಟವಿದೆ. ಅಂಗನವಾಡಿಯಲ್ಲಿಯೋ ಆರೋಗ್ಯ ಕೇಂದ್ರದಲ್ಲಿಯೋ ತೂಗಿಸಿ ಆ ಪುಟವನ್ನು ತುಂಬಿರಿ.

ಆ ಸಂಜೆ ನಾವು ಮಾಡಿದ್ದೂ ಇಷ್ಟೇ. ಕಾರ್ಡನ್ನು ತರಿಸಿ ನೋಡಿದೆವು. ಹುಟ್ಟಿದಾಗ ೨ ಕಿಲೋ ೮೦೦ ಗ್ರಾಂ ಇದ್ದ ಕೂಸು ಅದೇ ವಾರ ೩ ಕಿಲೋ ೭೦೦ ಗ್ರಾಂ ತೂಗಿತ್ತು. "ಅಜ್ಜಿ, ಒಗ್ಗದ ಹಾಲಿನಿಂದ ಹೀಗೆ ಬೆಳೆಯುತ್ತದೆಯೆ?" ಎಂದು ಕೇಳಿದೆವು. ಅವರು ಕಾರ್ಡನ್ನು ಕಣ್ಣಿನ ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದರು. ಡಬ್ಬಿಯನ್ನು ಒಡೆಯುವ ಮುನ್ನ ಮಕ್ಕಳ ವೈದ್ಯರಿಗೆ ತೋರಿಸುವುದೆಂದು ಒಪ್ಪಿದರು. ವೈದ್ಯರು ಕೂಸನ್ನು ಪರೀಕ್ಷಿಸಿ, ರೋಗವೇನೂ ಇಲ್ಲವೆಂದರು.

ಎಳೆಯ ತಾಯಂದಿರಿಗೆ ಇನ್ನೊಂದು ಮಾತು. ಮೂರು ಗಂಟೆ ಬಿಡದೆ ಅಳುವ ಕೂಸಿನೆದುರು ಯಾರಿಗಾದರೂ ಸಿಟ್ಟೂ ಅಳುವೂ ಬರುವುದುಂಟು. ಅದರಿಂದ ನೀವು ಕೆಟ್ಟ ತಾಯಂದಿರಾಗುವುದಿಲ್ಲ. ತಾಳಲಾರೆನೆನಿಸಿದಾಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲ ಹೊರಗೆ ಹತ್ತು ನಿಮಿಷ ನಿಲ್ಲಿರಿ. ತಂದೆಯೋ ಅತ್ತೆಯೋ ಸರದಿಯ ಮೇಲೆ ಎತ್ತಿಕೊಳ್ಳಲಿ. ಸಿಟ್ಟಿನಲ್ಲಿ ಕೂಸನ್ನು ಒಮ್ಮೆಯೂ ಕುಲುಕಬಾರದು. ಎಳೆಯ ಮಿದುಳಿನಲ್ಲಿ ರಕ್ತಸ್ರಾವವಾಗಿ ಕೂಸು ಕುರುಡಾಗಬಹುದು, ಸಾಯಲೂಬಹುದು. ಎರಡು ವಾರಗಳಾದರೂ ಮನಸ್ಸಿನ ಕತ್ತಲೆಯು ಹೋಗದೆ, ಕೂಸಿನ ಮೇಲೆ ಅಕ್ಕರೆಯೇ ಹುಟ್ಟದೆ ಇದ್ದರೆ ಅದನ್ನು ಬಾಣಂತಿಯ ಮೊಂಡುತನವೆನ್ನದೆ ವೈದ್ಯರಿಗೆ ತಿಳಿಸಬೇಕು, ಅದಕ್ಕೂ ಚಿಕಿತ್ಸೆಯುಂಟು.

ನಮ್ಮ ಹುಡುಗಿಯ ಎಲೆಗೆ ಮರುದಿನವೇ ಬೇಳೆಯ ತೊವ್ವೆಯೂ ಸೊಪ್ಪಿನ ಪಲ್ಯವೂ ಬಂದವು. ಕೂಸು ಆ ದಿನವೂ ಅತ್ತಿತು, ಅದರ ಮರುದಿನವೂ ಅತ್ತಿತು. ಹತ್ತನೆಯ ವಾರದ ಹೊತ್ತಿಗೆ ಸಂಜೆಯ ಅಳುವು ಅರ್ಧ ಗಂಟೆಗೆ ಇಳಿಯಿತು. ಮೂರು ತಿಂಗಳು ತುಂಬಿ ಒಂದು ವಾರವಾಗುವಷ್ಟರಲ್ಲಿ ನಿಂತೇಹೋಯಿತು. ಹಿ೦ಗಿನ ನೀರನ್ನು ಬಿಡದೆ ಸವರಿದ್ದರಿಂದಲೇ ಗುಣವಾಯಿತೆಂದು ಅಜ್ಜಿಯವರು ಬಂದವರಿಗೆಲ್ಲ ಹೇಳುತ್ತಿದ್ದಾರಂತೆ. ಅವರ ಮಾತನ್ನು ತಿದ್ದುವುದಕ್ಕೆ ನಾವು ಹೋಗಲಿಲ್ಲ. ಡಬ್ಬಿಯನ್ನು ಮಾತ್ರ ಅಂಗಡಿಗೆ ಹಿಂದಿರುಗಿಸಿದರು.